ಬಚ್ಚಲುಮನೆ ಎಲ್ಲಿ ಬರಬೇಕು

"ಎಳಿ ಗೆರೆ, ಇನ್ನೇನು ನೋಡ್ತಾ ಕೂತಿದೀಯ?" ಎಂದು ಇರೇನಾ ಗದರಿದಳು. ಸೀಮೆಸುಣ್ಣ ಹಿಡಿದು ನೆಲಮಾಳಿಗೆಯ ಬರೀ ಕಾಂಕ್ರೀಟಿನ ಮೇಲೆ ಮಂಡಿಯೂರಿದ್ದ ಗಂಡ ಲಿಯಾನನ ಕೈ ಮುಂದಕ್ಕೆ ಹೋಗಲಿಲ್ಲ. ಬೆಳಗಿನಿಂದ, ಇಲ್ಲಿ ಹೊಸದಾಗಿ ಕಟ್ಟಿಸಲಿದ್ದ ಟಿವಿ ಕೋಣೆಗೆ, ಮೊಮ್ಮಕ್ಕಳ ಮಂಚಗಳಿಗೆ ಚಕಚಕನೆ ಗೆರೆ ಎಳೆದಿದ್ದವನು ಈ ಮೂಲೆಗೆ ಬಂದದ್ದೇ ತಡವರಿಸತೊಡಗಿದ್ದ.

"ಬಚ್ಚಲು ಇಲ್ಲಿ ಬೇಡ. ಮೆಟ್ಟಿಲ ಕೆಳಗೆ ಹಾಕ್ಸೋಣ."

"ತಲೆ ಕೆಟ್ಟಿದೆಯಾ ನಿಂಗೆ? ನೀರು ಹೋಗೋ ಪೈಪು ಇರೋದೇ ಈ ಮೂಲೇಲಿ. ಅಲ್ಲೀವರೆಗೂ ನೆಲ ಒಡೆಸ್ತೀಯಾ?"

"ಒಡೆಸೋಣ." ಅವನು ತಲೆಯೆತ್ತಲಿಲ್ಲ. "ಇಲ್ಲಿ ನಿಮ್ಮ ಜಿಗ್ಮಂಟ್ ಮಾವ ಕೂತಿದ್ರು ಕಣೇ, ಅಕಾರ್ಡಿಯನ್ ಇಟ್ಕೊಂಡು."

ಇರೇನಾಳ ಕೈಯಲ್ಲಿದ್ದ ಅಳತೆ ಟೇಪು ಸರ್ರನೆ ಒಳಗೆ ಸೇರಿಕೊಂಡಿತು. ಅವರ ಮದುವೆಯ ದಿನ ಮಿಲ್ವಾಕಿಯ ರಸ್ತೆಗಳೆಲ್ಲ ಹಿಮದಲ್ಲಿ ಮುಚ್ಚಿಹೋಗಿ, ಛತ್ರ ತಲುಪಲಾಗದ ನೆಂಟರೆಲ್ಲ ಆಗ ಅವಳ ಅಪ್ಪನದಾಗಿದ್ದ ಈ ಮನೆಯ ನೆಲಮಾಳಿಗೆಗೇ ಇಳಿದಿದ್ದರು. ಒದ್ದೆ ಕೋಟುಗಳ ವಾಸನೆ, ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದ್ದ ಸಾಸೇಜು, ಅವಳ ಸೋದರಮಾವ ಜಿಗ್ಮಂಟ್ ನುಡಿಸಿದ ಪೋಲ್ಕಾ ಹಾಡು, ಅದಕ್ಕೆ ಎಲ್ಲರ ಜೋಡಿ ಕುಣಿತ. ಮಾವ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಬಟ್ಟೆ ಒಗೆಯಲು ದಿನಾ ಇಲ್ಲಿಗಿಳಿಯುವ ಅವಳಿಗೇ ಮರೆತುಹೋದದ್ದು, ಮದುವೆಯ ತಾರೀಖನ್ನೂ ನೆನಪಿಡದ ಈ ಗಂಡಸಿಗೆ ನೆನಪಿತ್ತು.

"ಹಾಗಾದ್ರೆ ನಾನೆಲ್ಲಿದ್ದೆ, ಹೇಳು ನೋಡೋಣ?" ಎಂದಳು. ಅವಳ ದನಿ ಸಣ್ಣಗಾಗಿತ್ತು.

"ನೀನಾ? ನನ್ನ ಕಾಲ ಮೇಲೆ. ಹಾಡು ಮುಗಿಯೋವರೆಗೂ ತುಳೀತಾನೇ ಇದ್ದೆ."

ಅವಳು ನಗುತ್ತ ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಮೆಟ್ಟಿಲ ಕೆಳಗೆ ಹೋಗಿ ಬಚ್ಚಲುಮನೆಯ ಗೆರೆ ತಾನೇ ಎಳೆದಳು.