ಅರ್ಜಿಯ ಕೊನೆ ಸಾಲು

"ಇನ್ ಕನ್‌ಕ್ಲೂಷನ್," ಎಂದು ಓದಿ ಅನುಷಾ ಉಸಿರೆಳೆದುಕೊಂಡಳು. ಮುಂದಿನ ಸಾಲು "ಟು ಸಮ್ ಅಪ್" ಎಂದು ಶುರುವಾಗಿತ್ತು. ಕಟ್ಟಕಡೆಯದು "ಇನ್ ಎ ನಟ್‌ಶೆಲ್".

ಅರ್ಜಿ ಅವಳ ತಾತ ಚಿತ್ತಯ್ಯನದು. ಐಮಂಗಲದ ಹತ್ತಿರ ಹೆದ್ದಾರಿ ಕೆಳಗಿನ ಮೋರಿಯಲ್ಲಿ ನುಸುಳಿ ಅವನ ಕುರಿಗಳು ಮೇವಿಗೆ ದಾಟುತ್ತಿದ್ದವು. ಯಾರೋ ಮಣ್ಣು ಸುರಿದು ಮೋರಿ ಮುಚ್ಚಿದ ಮೇಲೆ ಹಿಂಡು ಲಾರಿಗಳ ನಡುವೆಯೇ ರಸ್ತೆ ದಾಟಬೇಕು. ಮಣ್ಣು ತೆಗೆಸಬೇಕಾದ ಹೆದ್ದಾರಿ ಸಾಹೇಬರಿಗೆ ಕನ್ನಡ ಬಾರದು. ಮನೆಯಲ್ಲಿ ಇಷ್ಟು ದಿನ ಊಟಕ್ಕಿಲ್ಲದ ಉಪ್ಪಿನಕಾಯಿಯಾಗಿದ್ದ ಮೊಮ್ಮಗಳ ಕಾಲೇಜು ಇಂಗ್ಲಿಷಿಗೆ ಕೊನೆಗೂ ಕೆಲಸ ಬಂದಿತ್ತು.

ಕುರಿಗಳನ್ನು ಮುಳ್ಳುಬೇಲಿಯ ರೊಪ್ಪಕ್ಕೆ ಕೂಡಿ ಅದರ ಬಾಗಿಲಲ್ಲೇ ಕುಳಿತಿದ್ದ ಚಿತ್ತಯ್ಯ ಕಿವಿ ನಿಮಿರಿಸಿದ.

"ಕೊನೇಲಿ ಮೂರು ಸಲ ಏನೋ ರಾಗ ಎಳೆದ್ಯಲ್ಲ, ಏನವ್ವ ಅದು?"

"'ಒಟ್ಟಿನಲ್ಲಿ ಹೇಳೋದಾದ್ರೆ' ಅಂತ, ತಾತ. ಮುಗಿಸೋವಾಗ ಹಾಕ್ಬೇಕು. ನಮ್ಮ ಮೇಡಂ ಇಂಥವು ಹದಿನೈದು ಬರೆಸಿದ್ದಾರೆ."

"ಮೂರೂ ಅದೇನಾ? ಒಂದು ರೊಪ್ಪಕ್ಕೆ ಮೂರು ಬಾಗ್ಲು ಯಾಕಲೇ?"

ಒಂದು ಸಾಲದೇನೋ ಎಂದು ಹೆದರಿ ಮೂರು ಹಾಕಿದ್ದಳು. ಹೇಳಲು ನಾಚಿಕೆಯಾಯಿತು.

"ಆತು ಬಿಡು. ಒಟ್ಟಿನಲ್ಲಿ ಏನಂತ ಬರ್ದೆ?"

"ಈ ಸಮಸ್ಯೆಯನ್ನು ತಾವು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕು, ಅಂತ."

"ಕುರಿ ಎಲ್ಲೈತೆ ಅದ್ರಾಗೆ?"

ಅನುಷಾ ಹಾಳೆ ತಿರುವಿದಳು. ಕುರಿ ಮೊದಲ ಸಾಲಿನಲ್ಲಿತ್ತು: ಯುಗಾದಿಗೆ ನಮ್ಮಲ್ಲಿ ಅರವತ್ತೇಳು ಕುರಿ ಇದ್ದವು. ಆಮೇಲೆ ಅದು ಜಾನುವಾರು ಆಗಿತ್ತು, ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಸಮಸ್ಯೆ ಆಗಿತ್ತು. ಕೊನೆಯಲ್ಲಿ ಕುರಿಯೂ ಇಲ್ಲ, ಮೋರಿಯೂ ಇಲ್ಲ. ತಾನೇ ಬರೆದದ್ದು ಹೀಗೆ ಎಲ್ಲೋ ಕಳೆದುಹೋದದ್ದು ಕಂಡು ಅವಳಿಗೇ ಸೋಜಿಗವಾಯಿತು.

"ಬೆಳಿಗ್ಗೆ ಬಿಟ್ಟಿದ್ದು ಸಂಜೆಗೆ ರೊಪ್ಪಕ್ಕೆ ಬರ್ಬೇಕಲ್ಲವ್ವ," ಎಂದ ಚಿತ್ತಯ್ಯ. "ಎಲ್ಲೆಲ್ಲಿ ಮೇಯಿಸ್ದೆ ಅಂತ ಯಾರು ಕೇಳ್ತಾರೆ? ಬಾಗ್ಲಾಗೆ ನಿಂತು ಎಣಿಸ್ಕಂತೀವಿ, ಅಷ್ಟೇಯ."

"ಇವತ್ತು ಎಷ್ಟು ಬಂದ್ವು, ತಾತ?"

"ಅರವತ್ನಾಕು."

ಅನುಷಾ ಕೊನೆಯ ಮೂರೂ ಸಾಲು ಹೊಡೆದುಹಾಕಿದಳು. "ಇನ್ ಕನ್‌ಕ್ಲೂಷನ್" ಒಂದನ್ನೇ ಮತ್ತೆ ಬರೆದು, ಅದರ ಮುಂದೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದಳು: ಮೋರಿಯ ಮಣ್ಣು ತೆಗೆಸಿ. ನಾವು ಒಂದು ಕುರಿಯನ್ನೂ ಮಾರಿಲ್ಲ. ಇವತ್ತು ಸಂಜೆ ಅರವತ್ತನಾಲ್ಕು ಬಂದವು.

ಅದನ್ನು ತಾತನಿಗೆ ಕನ್ನಡದಲ್ಲಿ ಓದಿ ಹೇಳಿದಳು.

"ಉಳಿದ ಮೂರು ಲಾರಿಗೆ ಸಿಕ್ಕಿದ್ದು ಬರೀಲಾ?" ಎಂದಳು ಮೆಲ್ಲಗೆ.

"ಬ್ಯಾಡ," ಎಂದ ಚಿತ್ತಯ್ಯ, ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತ. "ಸಾಹೇಬ್ರು ಓದಿದೋರು. ಎಲ್ಲಿ ಹೋದ್ವು ಅಂತ ಅವ್ರೇ ಹುಡುಕ್ಲಿ."