ಇನ್ನೂ ವಿಚಾರ ಮಾಡ್ಲಿಕ್ಕತ್ತೀನಿ

ಮೈದಾ ಗೋಂದು ಕುದಿಯುವ ವಾಸನೆ ಎಂದರೆ ನನಗೆ ಬಾಲ್ಯದ ಚುನಾವಣೆ. ಪೋಸ್ಟರ್ ಹಚ್ಚುವವರು ಅದನ್ನು ನಮ್ಮ ಹಿತ್ತಲಲ್ಲೇ ಕಾಯಿಸುತ್ತಿದ್ದರು. ಮನೆ ತುಂಬ ಮಾತು.

ಈ ಊರಿನ ಬಾಡಿಗೆ ಮನೆಗೆ ಬಂದ ಮೇಲೆ ನನ್ನ ಬಾಗಿಲು ಬಡಿದವರು ಪಾಲಿಕೆ ಚುನಾವಣೆಯ ಅಭ್ಯರ್ಥಿಗಳು ಮಾತ್ರ. ನಮ್ಮ ವಾರ್ಡಿನಲ್ಲಿ ಗೆದ್ದವರೇ ಮೇಯರ್ ಎಂಬ ಸುದ್ದಿಯಿತ್ತು.

"ನಿಮ್ಮ ವೋಟು ನಂಗ ಹೌದಲ್ರೀ, ಅಜ್ಜಿ?" ಎಂದರು ಗುತ್ತಿಗೆದಾರ ಗುರುಪಾದಪ್ಪ.

"ಇನ್ನೂ ವಿಚಾರ ಮಾಡ್ಲಿಕ್ಕತ್ತೀನಿ. ನಾಳೆ ಬರ್ರಿ."

ಮೂರನೆಯ ಸಲ ಅವರು ರೇಗಿದರು. "ವೋಟ್ ಹಾಕ್ತೀರೋ, ಅಳಿಯನ್ನ ಹುಡುಕ್ಲಿಕ್ಕತ್ತೀರೋ?" ಮತ್ತೆ ಬರಲಿಲ್ಲ.

ಇನ್ನೊಬ್ಬ ಅಭ್ಯರ್ಥಿ, ಹೊಲಿಗೆ ಕಲಿಸುವ ಜಯಶೀಲಾ ಮಾತ್ರ ದಿನಾ ಸಂಜೆ ಬಂದಳು. ನಾನು ಚರಂಡಿ, ನೀರು, ಬೀದಿದೀಪ ಎಂದು ಏನಾದರೊಂದು ಕೇಳುತ್ತಿದ್ದೆ. ಅವಳು ಚಹಾ ಕುಡಿಯುತ್ತ ಉತ್ತರಿಸುತ್ತಿದ್ದಳು.

ಮತದಾನ ಮುಗಿಯಿತು. ಮರುದಿನ ಸಂಜೆ, ಇನ್ನು ಯಾರೂ ಬರುವುದಿಲ್ಲವೆಂದು ಕೂತಿದ್ದಾಗ ಅವಳೇ ಬಂದಳು. ಶಾಯಿಯಿಲ್ಲದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಆದರೂ ಮನಸ್ಸು ತಡೆಯಲಿಲ್ಲ.

"ಸಿಟ್ಟಾಗಬ್ಯಾಡವಾ. ನನ್ನ ವೋಟು ಈ ಊರಾಗ ಇಲ್ಲ. ಹೇಳಿದ್ರ ನೀ ಬರೂದು ಬಿಡ್ತಿದ್ದಿ."

"ವೋಟರ್ ಪಟ್ಟ್ಯಾಗ ನಿಮ್ಮ ಹೆಸರಿಲ್ಲಂತ ಮೊದಲನೇ ದಿನಾನ ಗೊತ್ತಿತ್ರೀ," ಎಂದು ಅವಳು ರೊಟ್ಟಿ, ಪಲ್ಯದ ಡಬ್ಬಿಯನ್ನು ನನ್ನ ಕೈಗಿಟ್ಟಳು.