ಸುಧನ್ವನ ಕೈಕೆಲಸ

ನನ್ನ ಗಂಡ ಸುಧನ್ವನ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಎಲ್ಲರೂ ಹೊರಟರು. ಅವನ ಒಬ್ಬ ಗೆಳೆಯ ಮಾತ್ರ ಹೊರಡಲಿಲ್ಲ. ಮನೆಯಲ್ಲೇ ಸ್ಪೀಕರ್ ಪೆಟ್ಟಿಗೆ ಕಟ್ಟುವ ಹುಚ್ಚು ಇಬ್ಬರಿಗೂ ಇತ್ತು. ಹೋಳಿಗೆಯ ತುಪ್ಪ ಹತ್ತಿದ ಬೆರಳಿನಿಂದಲೇ ಸುಧನ್ವನ ಪೆಟ್ಟಿಗೆಗಳನ್ನು ತಟ್ಟಿ ನೋಡುತ್ತಿದ್ದ. ನನಗೆ ಹೇಸಿಗೆಯಾಯಿತು.

“ಅತ್ತಿಗೆ, ಇವನ್ನ ನಂಗೆ ಕೊಟ್ಬಿಡಿ.”

“ಇಲ್ಲ, ಕೊಡಲ್ಲ.”

“ನೀವು ಹಾಡೇ ಕೇಳಲ್ಲ ಅಂತ ಅವನೇ ನಗ್ತಿದ್ದ. ನಾಳೆ ಯಾರೋ ಇದರ ಮೇಲೆ ಕುಕ್ಕರ್ ಇಡ್ತಾರೆ. ನಂಗೆ ಅವನ ಕೈಕೆಲಸ ಬೇಕು, ನೆನಪಿಗೆ.”

ಕೈಕೆಲಸ ಎಂಬ ಮಾತಿಗೆ ಸೋತೆ. ಇದ್ದದ್ದು ಎರಡು ಪೆಟ್ಟಿಗೆ; ಒಂದೊಂದಕ್ಕೂ ಒಂದೇ ಸ್ಪೀಕರ್, ದಪ್ಪ ದನಿ ಸಣ್ಣ ದನಿ ಎಲ್ಲವೂ ಅದರಿಂದಲೇ. ಅದನ್ನಷ್ಟೇ ಕೊಂಡು ತಂದದ್ದು. ಉಳಿದದ್ದೆಲ್ಲ ಸುಧನ್ವನದು. ಪ್ಲೈವುಡ್ ಕೊಯ್ದು, ಅಂಟು ಹಾಕಿ, ಅಂಚುಗಳನ್ನು ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದ. ಆ ಪುಡಿ ಇನ್ನೂ ಕಿಟಕಿಯ ಸಂದಿಯಲ್ಲಿದೆ. ಅವನ ಕೈಯನ್ನು ನೆನೆಯುವವರು ನನ್ನ ಬಿಟ್ಟು ಇನ್ನೊಬ್ಬರಿದ್ದಾರಲ್ಲ ಅನ್ನಿಸಿತು.

“ತಗೊಂಡು ಹೋಗಿ. ಮೂಲೆ ತರಚದ ಹಾಗೆ ಸುತ್ತಿ ಕೊಡ್ತೀನಿ.”

ಒಳಗೆ ಹೋಗಿ ನಮ್ಮ ಹಾಸಿಗೆಯ ಕಂಬಳಿಯನ್ನೇ ತಂದೆ. ಅಷ್ಟರಲ್ಲಿ ಅವನು ಜೇಬಿನಲ್ಲಿ ತಂದಿದ್ದ ಸ್ಕ್ರೂಡ್ರೈವರಿನಿಂದ ಎರಡೂ ಸ್ಪೀಕರುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದ. ಪೆಟ್ಟಿಗೆಗಳ ಮುಂದೆ ಬಟ್ಟಲಗಲದ ತೂತುಗಳಿದ್ದವು.

“ಜಪಾನಿನ ಮಾಲು, ಈಗ ಎಲ್ಲೂ ಸಿಗಲ್ಲ,” ಎಂದು ಚಪ್ಪಲಿ ಮೆಟ್ಟಿದ. “ಪೆಟ್ಟಿಗೆ ನೀವೇ ಇಟ್ಕೊಳ್ಳಿ ಅತ್ತಿಗೆ, ನೆನಪಿಗೆ.”